ರಾತ್ರಿಪಾಳಿಯ ಗಂಟೆಗಳು

ಮೂಗು ಮುಚ್ಚಿಕೊಳ್ಳಬೇಡ, ಓನ್ನಿ.
ಮೂರು ದಿನಕ್ಕೆ ತಾನಾಗಿಯೇ ಸೋಲುತ್ತದೆ ಮೂಗು.
ಕಣ್ಣು ಹಾಗಲ್ಲ, ಅದಕ್ಕೆ ಕಲಿಸಬೇಕು.
ಕನ್ನಡಕ ತೆಗೆ. ಉಸಿರನ್ನು ಪಕ್ಕಕ್ಕೆ ಬಿಡು,
ಮಸೂರಕ್ಕೆ ಮಬ್ಬು ಕವಿಯುತ್ತದೆ.
ತಿರುಪು ನಿಧಾನ, ಇನ್ನೂ ನಿಧಾನ...
ಬಂತೇ?

ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ.
ಔಲುವಿನ ಹೊಳೆ ಕಲ್ಲಾಗಿದೆ,
ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ದ್ವೀಪಕ್ಕೆ ಕಾರು ಓಡುತ್ತಿವೆ.
ಇಲ್ಲಿ ಮಾತ್ರ ನಾಲ್ಕು ತೊಟ್ಟಿ ಹಬೆಯಾಡುತ್ತಿವೆ.
ಊರೆಲ್ಲ ಶನಿವಾರದ ಸೌನಾ ಮುಗಿಸಿ ಮೈತೊಳೆದ ನೀರು
ಹತ್ತೂವರೆಗೇ ಬಂದು ಸೇರಿದೆ.
ಪಾದ್ರಿಯದು, ಕುಡುಕನದು, ಹೆರಿಗೆ ಆಸ್ಪತ್ರೆಯದು,
ಎಲ್ಲಕ್ಕೂ ಒಂದೇ ಬಣ್ಣ:
ನಿನ್ನೆಯ ಕಾಫಿಯ ಬಣ್ಣ.

ಒಂದು ಹನಿ ಸಾಕು.

ಕಂದು ಮೋಡದ ತುಣುಕು ಕಾಣುತ್ತದಲ್ಲ,
ಅದರ ಅಂಚಿಗೆ ಹೋಗು. ಅಲ್ಲಿ, ದಾರದ ತುದಿಗೆ
ಗಾಜಿನ ಗಂಟೆಗಳು, ಬಾಯಿ ಮೇಲೆ ಮಾಡಿಕೊಂಡು.
ಬಾಯ ಸುತ್ತ ಚಕ್ರ ತಿರುಗಿದಂತೆ ತೋರುತ್ತದೆ.
ತಿರುಗುವುದಿಲ್ಲ. ರೋಮಗಳು
ಬಾರ್ಲಿ ಹೊಲದ ಮೇಲೆ ಗಾಳಿ ಹಾದಂತೆ
ಬಾಗಿ ಏಳುತ್ತವೆ, ಅಷ್ಟೇ.
ಬೆರಳಿನಿಂದ ಮೇಜು ತಟ್ಟು.
ಕಂಡೆಯಾ! ದಾರ ಸುರುಳಿ ಸುತ್ತಿ, ಬಾಯಿ ಮುಚ್ಚಿ,
ಸದ್ದೇ ಇಲ್ಲದೆ ಬಾರಿಸಿಕೊಂಡವು.
ಈಗ ನಾಚುತ್ತ ನಾಚುತ್ತ ಮತ್ತೆ ಬಿಚ್ಚಿಕೊಳ್ಳುತ್ತವೆ.
ಗೋಡೆಯಲ್ಲಿ ಈಗ ಒಂದು ಗಂಟೆ.
ಗಾಜಿನ ಮೇಲೆ ಎಷ್ಟು ಗಂಟೆ?
ಎಣಿಸು. ಬರೆದುಕೋ.

ಅವಸರದಲ್ಲಿರುವ ಆ ಉದ್ದನೆಯವಳು
ಜಿಗಣೆಯ ಹಾಗೆ ನೆಲ ಅಳೆದಳೆದು ನಡೆಯುತ್ತಾಳೆ.
ತಲೆಯಲ್ಲಿ ಎರಡು ಗಾಲಿ, ಎದೆಯಲ್ಲಿ ಒರಳು.
ಅವಳ ಕುಲದಲ್ಲಿ ಗಂಡೇ ಇಲ್ಲ.
ಕೋಟಿ ಕೋಟಿ ವರ್ಷ, ತಾಯಿಯ ಹೊಟ್ಟೆಯಲ್ಲಿ ಬರೀ ತಾಯಿ.
ನಗಬೇಡ. ಯುದ್ಧದ ಕಾಲಕ್ಕೆ
ನಮ್ಮಜ್ಜಿಯ ಮನೆಯೂ ಹಾಗೇ ಇತ್ತು.

ಅಮೀಬಾ ದಿನವೂ ಇರುತ್ತದೆ.
ಹೊರಟ ಕಡೆಗೆ ಒಂದು ಕಾಲು ಹುಟ್ಟಿಸಿಕೊಂಡು,
ಹೋಗುವುದು ಬೇಡವೆನಿಸಿದರೆ
ಆ ಕಾಲನ್ನೇ ಒಳಗೆಳೆದುಕೊಂಡು
ಸುಮ್ಮನಾಗುತ್ತದೆ. ನನ್ನ ಮೊದಲ ಗಂಡ.

ಎಂಟು ಕಾಲಿನ ಕರಡಿಮರಿ ಸಿಕ್ಕರೆ ನನ್ನನ್ನು ಕರೆ,
ಎಷ್ಟು ಹೊತ್ತಾದರೂ ಸರಿ.
ಅದು ಬಂದ ವಾರ ನೀರು ಚೆನ್ನಾಗಿದೆಯೆಂದು ಅರ್ಥ.
ನಾನು ಏಲಕ್ಕಿ ಬನ್ನು ತರುತ್ತೇನೆ.

ಮೀಟರನ್ನು ನಂಬಬೇಡ ಎನ್ನುವುದಿಲ್ಲ.
ಆದರೆ ಒಂದು ಮಾರ್ಚ್ ರಾತ್ರಿ ಮೂರಕ್ಕೆ
ಮುಳ್ಳುಗಳೆಲ್ಲ ಹಸಿರಿನಲ್ಲೇ ಇದ್ದವು.
ಇಲ್ಲಿ ನೋಡಿದರೆ ಬರೀ ದಾರ.
ಗಂಟೆಗಳು ಕಳಚಿಕೊಂಡು, ಮುದುಡಿ, ಉರುಳುತ್ತ ಓಡುತ್ತಿದ್ದವು,
ಬೆಂಕಿ ಬಿದ್ದ ಮನೆಯಿಂದ ಜನ
ಬರಿಗಾಲಲ್ಲಿ ಓಡುವಂತೆ.
ಎಂಜಿನಿಯರ್ ಹಾಪಸಾರಿಯನ್ನು ಎಬ್ಬಿಸಿದೆ.
"ಏನು ಸಾಕ್ಷಿ?" ಅಂದರು.
"ಬಾಲಗಳು" ಅಂದೆ.
ಫೋನಿನಲ್ಲಿ ಬಹಳ ಹೊತ್ತು ಅವರ ಉಸಿರು.
ಆಮೇಲೆ, "ಮೂರನೆಯದರ ತೂಬು ಮುಚ್ಚು."

ಬೆಳಗಾಗುವಷ್ಟರಲ್ಲಿ ಮುಳ್ಳುಗಳೂ ಕೆಂಪಿಗೆ ಬಂದವು.
ಯಾರೋ, ಎಲ್ಲೋ, ಕತ್ತಲಲ್ಲಿ
ಒಂದು ಪೀಪಾಯಿ ಬಗ್ಗಿಸಿದ್ದರು ಚರಂಡಿಗೆ.
ಯಾರೆಂದು ಇವತ್ತಿಗೂ ಗೊತ್ತಿಲ್ಲ.
ನನಗೊಂದು ಪ್ರಶಸ್ತಿಪತ್ರ ಕೊಟ್ಟರು,
ಹಿಲ್ಕ್ಕಾ ಎಂಬಲ್ಲಿ ಒಂದು ಕ ಕಡಿಮೆ.
ಗಂಟೆಗಳ ಹೆಸರು ಯಾರೂ ಕೇಳಲಿಲ್ಲ.

ಐದು ವಾರ ಗಾಜಿನ ಮೇಲೆ ಖಾಲಿ ದಾರ,
ತೊಟ್ಟು ಉಳಿದ ಕೊಂಬೆಯ ಹಾಗೆ.
ಏಪ್ರಿಲ್ ಹತ್ತೊಂಬತ್ತಕ್ಕೆ, ಹೊಳೆಯ ಮಂಜು ಬಿರಿಯುವ ಸದ್ದು
ಇಲ್ಲಿಯವರೆಗೂ ಕೇಳುತ್ತಿದ್ದ ರಾತ್ರಿ,
ಅಂಚಿನಲ್ಲಿ ಒಂದೇ ಒಂದು.
ಬಾಯಿ ಅರೆ ತೆರೆದಿತ್ತು.
ನಾನು ಮೇಜು ತಟ್ಟಲಿಲ್ಲ.

ಸರಿ, ಸಾಕು ಇವತ್ತಿಗೆ. ಆ ಗಾಜು ತೊಳೆದಿಡು.
ಬಿಸಿನೀರು ಬೇಡ, ತಣ್ಣೀರಲ್ಲಿ.
ಆ ಸಿಂಕಿನ ಕೊಳವೆ ಎಲ್ಲಿಗೆ ಹೋಗುತ್ತದೆ ಅಂದೆಯಾ?
ಕಿಟಕಿಯಲ್ಲಿ ನೋಡು, ಹಬೆ ಏಳುತ್ತಿದೆಯಲ್ಲ,
ಅಲ್ಲಿಗೇ.