ಕೌದಿಯ ಹೊಟ್ಟೆ

ಖಡಕಿ ಬಜಾರಿನ ಹಿಂದೆ, ಕಾರ್ಖಾನೆ ಕ್ವಾರ್ಟರ್ಸಿನ
ಎರಡನೇ ಮಾಳಿಗೆಯಲ್ಲಿ
ನಾವು ಐದು ಜನ ಹೆಂಗಸರು, ಒಂದು ಜಮಖಾನೆ,
ಹತ್ತು ಮೊಣಕಾಲು.
ಸೂಜಿಗೆ ದಾರ ಪೋಣಿಸಲು ಮಾತ್ರ
ಹೌಸಾಬಾಯಿಯ ಮೊಮ್ಮಗನನ್ನು ಕೂಗುತ್ತೇವೆ.

ಅವರಿಗದು ಗೋಧಡಿ, ನನಗೆ ಕೌದಿ.
ಹೊಲಿಗೆ ಒಂದೇ:
ಅಂಚಿನಿಂದ ಹೊರಟು, ಸುತ್ತಿ ಸುತ್ತಿ,
ನಡುವಿಗೆ ಬಂದು ನಿಲ್ಲುವುದು.

ಗಾಲಿಕುರ್ಚಿಯ ಸಿಪಾಯಿಗಳ ಆಸ್ಪತ್ರೆಗೆ
ಇಪ್ಪತ್ತೆರಡು ಬೇಕಂತೆ, ದೀಪಾವಳಿಯೊಳಗೆ.
ಮೇಡಂ ಒಬ್ಬರು ಬಂದು ಹೇಳಿದರು:
ನಡುವೆ ತ್ರಿವರ್ಣ ಇರಲಿ, ಗೌರವದ ಸಂಕೇತ.
ಹೌಸಾಬಾಯಿ ಹಲ್ಲಿನಿಂದ ದಾರ ಕಡಿದು ಕೇಳಿದಳು,
"ಹೊದ್ದು ಹೊರಳಿದರೆ ಕಾಲಿಗೆ ತಾಗುವುದಿಲ್ಲವೇ?"
ಮೇಡಂ ಚಹ ಕುಡಿದರು. ಆ ಮಾತು ಮತ್ತೆ ಬರಲಿಲ್ಲ.

ಬಟ್ಟೆ ಬಂತು ಗೋಣಿ ಗೋಣಿ.
ಹಳೆ ಸಮವಸ್ತ್ರ, ಕಂಕುಳಲ್ಲಿ ಉಪ್ಪಿನ ನಕಾಶೆ,
ಮೊಣಕೈ ಸವೆದು ಜೇಡನ ಬಲೆಯಾದದ್ದು,
ಒಂದರ ಜೇಬಿನಲ್ಲಿ ತಂಬಾಕಿನ ಪುಡಿ.
ಕೊಡವಿದೆ. ಐದೂ ಜನ ಸೀನಿದೆವು.
ಗುಂಡಿ ಕತ್ತರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ.
ಇಲಕಲ್ಲಿನಲ್ಲಿ ನಮ್ಮಜ್ಜಿ ಹೇಳುತ್ತಿದ್ದಳು,
ಕೌದಿಗೆ ಗಂಡಸರ ಬಟ್ಟೆ ಆಗದು, ಒರಟು,
ನಿದ್ದೆಯನ್ನು ಚುಚ್ಚುತ್ತದೆ ಎಂದು.
ಅಜ್ಜಿಗೆ ಈ ಹಸಿರು ಗೊತ್ತಿರಲಿಲ್ಲ.
ಸೂಜಿಯೇ ಬಾಗುತ್ತಿತ್ತು.

ಅಳತೆಗೆಂದು ವಾರ್ಡಿಗೆ ಹೋದ ದಿನ
ಕಿಟಕಿ ಪಕ್ಕದ ಮಂಚದಿಂದ ಕನ್ನಡ ಕೇಳಿತು.
ಮುರಗೋಡದ ಈರಭದ್ರ, ನಾಯಕ್,
ಸೊಂಟದ ಕೆಳಗಿನಿಂದ ಹತ್ತೊಂಬತ್ತು ವರ್ಷ ಸುದ್ದಿಯಿಲ್ಲ.
ಅರ್ಧ ಹೊಲಿದ ಕೌದಿ ಮುಟ್ಟಿ ನೋಡಿ
ಕೈ ಹಿಂದೆಗೆದ.
"ಅಕ್ಕಾ, ಹಸಿರು ಬ್ಯಾಡ್ರಿ.
ಹಗಲೆಲ್ಲಾ ತೊಟ್ಟಿದ್ದು ಸಾಕಾಗೇತಿ.
ರಾತ್ರಿಯಾರ ಬಿಟ್ಟಬಿಡ್ರಿ ನನ್ನ."
ದಿಂಬಿನ ಕೆಳಗಿಂದ ಒಂದು ಚೀಲ ಕೊಟ್ಟ,
ಗೋಕಾಕದ ಕರದಂಟಿನ ಅಂಗಡಿಯದು,
ಕೆಂಪಕ್ಷರ, ಫೋನ್ ನಂಬರಿನ ಕೊನೆಯ ಎರಡಂಕಿ ಅಳಿಸಿದೆ.
"ಇದನ್ನ ಹಾಕ್ರಿ."
ಯಾರು ತರುತ್ತಿದ್ದರೆಂದು ನಾನು ಕೇಳಲಿಲ್ಲ.
ಆತ ಹೇಳಲೂ ಇಲ್ಲ.

ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ.
ದಾರ ಹೋದರೂ ತೂತು ಉಳಿಯುತ್ತದೆ,
ಸಾಲಾಗಿ, ಕವಾಯತಿಗೆ ನಿಂತ ಹಾಗೆ.
ಎರಡು ರಾತ್ರಿ ಬಿಚ್ಚಿದೆ.
ಕಾರ್ಖಾನೆಯ ಭೋಂಗಾ ಕೂಗಿದಾಗ ಮಲಗಿದೆ.
ಚೀಲದ ಕೆಂಪಕ್ಷರ ಎದೆಯ ಮೇಲೆ ಬರುವಂತೆ ಕೂಡಿಸಿದೆ,
ಸುತ್ತ ನನ್ನದೊಂದು ಹಳೆ ಸೀರೆಯ ಸೆರಗು.

ಹೊಲಿಗೆ ನಡುವಿಗೆ ಬಂದಾಗ ಹೌಸಾಬಾಯಿ ಎಂದಳು,
"ಹೊಟ್ಟೆ ಖಾಲಿ ಬಿಡಬೇಡ.
ಹಸಿದ ಗೋಧಡಿ ಯಾರನ್ನೂ ಬೆಚ್ಚಗಿಡುವುದಿಲ್ಲ."
ಅವಳ ಪದ್ಧತಿ: ಒಂದು ಚೌಕ ತುಂಡು, ಭಾಕರಿ ಎಂದು ಅದರ ಹೆಸರು,
ಪದರದೊಳಗಿಟ್ಟು ಮುಚ್ಚಬೇಕು.
ಕೈಗೆ ಸಿಕ್ಕಿದ್ದು ಅದೇ ಹಸಿರು.
ಸುಳ್ಳು. ಸಿಕ್ಕಿದ್ದಲ್ಲ, ಹುಡುಕಿದ್ದು.
ಅಂಗಿಯ ಎಡಜೇಬು, ಗುಂಡಿ ಕಿತ್ತದ್ದು,
ಅವನದೋ, ಮತ್ತೊಬ್ಬನದೋ.
ಯಾಕೆಂದು ನನಗೂ ಸರಿಯಾಗಿ ಗೊತ್ತಿಲ್ಲ.
ಚಿಂದಿಯವನಿಗೆ ಹಾಕಲು ಮನಸ್ಸಾಗಲಿಲ್ಲ,
ಅಷ್ಟೇ ಇರಬಹುದು.

ಹಂಚುವ ದಿನ ಭಾಷಣ, ಫೋಟೋ, ಲಾಡು.
ಗೌರವ ಎಂಬ ಮಾತು ಮೈಕಿನಲ್ಲಿ ಏಳು ಸಲ ಬಂತು,
ಹೌಸಾಬಾಯಿ ಬೆರಳಲ್ಲಿ ಎಣಿಸಿದಳು.
ಈರಭದ್ರ ಕೌದಿಯನ್ನು ಎದೆಯವರೆಗೆ ಎಳೆದುಕೊಂಡ.
ಬೆರಳು ಅಕ್ಷರದ ಮೇಲೆ ಹೋಯಿತು, ಸೆರಗಿನ ಮೇಲೆ,
ಆಮೇಲೆ ನಡುವಿಗೆ. ನಿಂತಿತು.
"ಇಲ್ಲೇನೋ ದಪ್ಪ ಐತಲ್ರಿ, ಅಕ್ಕಾ."

"ರೊಟ್ಟಿ," ಅಂದೆ.

ಆತ ಬಹಳ ಹೊತ್ತು ಅಲ್ಲೇ ಬೆರಳಿಟ್ಟಿದ್ದ,
ಜೇಬಿನ ಅಂಚು ಸಿಗುವಷ್ಟು ಹೊತ್ತು.
ಆಮೇಲೆ ಲಾಡು ಮುರಿದು
ಅರ್ಧ ನನಗೆ ಕೊಟ್ಟ.