ನಾಲ್ಕನೆಯ ಬಣ್ಣದ ಕೆಳಗೆ

ಮನಾಮಾದ ಹಳೆಯ ಸೂಕ್‌ನಲ್ಲಿ
ಖಲಫ್ ಹಾಜಿಯ ಅಂಗಡಿಯ ಬೋರ್ಡು ಇಳಿಸಿದ್ದೇವೆ.
ನಾಳೆ ಫ್ಲೆಕ್ಸ್ ಬರುತ್ತದಂತೆ, ಒಳಗೆ ದೀಪ ಉರಿಯುವಂಥದ್ದು.
"ಹಲಗೆ ನೀನೇ ಇಟ್ಟುಕೋ, ಇದಿನಬ್ಬ,
ಮೂವತ್ತು ವರ್ಷ ಬಣ್ಣ ಹೊಡೆದವನು ನೀನೇ ತಾನೆ."

ಮಗ್ರಿಬ್‌ಗೆ ಇನ್ನೂ ಹೊತ್ತಿದೆ.
ಓಣಿಯ ನೆರಳಲ್ಲಿ ಕೂತು ಕೆರೆಯುತ್ತೇನೆ.

ಮೇಲಿನದು ನನ್ನದು: ಮೊಬೈಲು, ಸಿಮ್ಮು, ರಿಪೇರಿ.
ಹಳದಿಯ ಮೇಲೆ ಕೆಂಪು, ಅವಸರದ ಕೆಲಸ;
ಅರಬ್ಬಿಯ ಒಂದು ಚುಕ್ಕೆ ಮರೆತು
ಓಣಿಯೆಲ್ಲ ನಕ್ಕಿತ್ತು.
ಅದರಡಿಯದೂ ನನ್ನದೇ, ವಿಡಿಯೊ ಕ್ಯಾಸೆಟ್ಟು.
ಗುರುವಾರ ರಾತ್ರಿ ಕ್ಯಾಂಪಿನ ಹುಡುಗರು
ಒಂದು ಸಿನಿಮಾಕ್ಕೆ ಹನ್ನೆರಡು ಜನ ಕಾಸು ಕೂಡಿಸುತ್ತಿದ್ದರು.
ಅಲ್ಲಿಯವರೆಗೆ ಕೈಗೆ ಗುರುತಿದೆ.

ಕೆಳಗಿನ ಹಸಿರು ಯಾರ ಕೈಯೋ.
ರೇಡಿಯೊ, ಫ್ಯಾನು, ಇಸ್ತ್ರಿಪೆಟ್ಟಿಗೆ.
ಎಣ್ಣೆ ಸಿಕ್ಕಿದ ಮೇಲಿನದು, ಎನ್ನುತ್ತಾನೆ ಹಾಜಿ;
ಮೊದಲ ಬಲ್ಬು ಹತ್ತಿದ ಸಂಜೆ ಅವನಜ್ಜಿ
ಅದಕ್ಕೆ ಬೆನ್ನು ಹಾಕಿ ಕೂತಿದ್ದಳಂತೆ,
ದಿಟ್ಟಿಸಿದರೆ ಕಣ್ಣು ಹೋದೀತೆಂದು.

ಇನ್ನೂ ಕೆಳಗೆ ನೀಲಿ.
ಅರ್ಧ ಅರಬ್ಬಿ, ಅರ್ಧ ಗುಜರಾತಿ:
ಧರಮಸಿ... ಮುಂದೆ ಉದುರಿದೆ.
ಮುತ್ತಿನ ವ್ಯಾಪಾರಿ.
ಒಂದರೊಳಗೊಂದು ಕೂರುವ ಹಿತ್ತಾಳೆಯ ಜರಡಿ,
ಹಾಸಿದ ಕೆಂಪು ಬಟ್ಟೆ,
ವಲ್ಲಿಯ ಕೆಳಗೆ ಬೆರಳು ಹಿಡಿದು
ಮಾತಿಲ್ಲದೆ ಕುದುರುವ ದರ.
ಆಗ ಕಡಲು ಇಲ್ಲೇ ಇತ್ತು, ಎಂದು
ಹಾಜಿ ತೋರಿಸುವುದು ಪಾರ್ಕಿಂಗ್ ಕಟ್ಟಡವನ್ನು.
ಇಬ್ಬರೂ ಅತ್ತ ನೋಡುತ್ತೇವೆ.

ಆಮೇಲೆ ಜಪಾನಿನವರು ಮುತ್ತು ಬೆಳೆದರು,
ನಾವು ಬಸಳೆ ಬೆಳೆದ ಹಾಗೆ.
ಧರಮಸಿ ಜರಡಿ ಮಾರಿ ಹಡಗು ಹತ್ತಿದ.
ಹಾಜಿಯ ಅಜ್ಜ ಮುಳುಗುಗಾರ;
ಅವನ ಸಾಲ ಮಾತ್ರ ದಡದಲ್ಲೇ ಉಳಿಯಿತು,
ತೀರಿಸಿದ್ದು ಅಪ್ಪ, ರಿಫೈನರಿಯ ಕೂಲಿಯಲ್ಲಿ.
ಸಾಲ ಕೊಟ್ಟವನ ಅಂಗಡಿ
ನಿನ್ನದಾದದ್ದು ಹೇಗೆ ಎಂದು ಕೇಳಿದರೆ
ಹಾಜಿ ಚಹಾ ತರಿಸುತ್ತಾನೆ.

ನೀಲಿಯೂ ಹೋಯಿತು. ಈಗ ಮರ.
ತೇಗ. ಸಾಲಾಗಿ ಮೊಳೆಯ ತೂತುಗಳು,
ಒಳಗೆ ಇನ್ನೂ ಹತ್ತಿ, ಮೀನೆಣ್ಣೆಯ ಕಮಟು.
ಬೋರ್ಡಾಗುವ ಮೊದಲು ಹಡಗಾಗಿತ್ತು ಇದು.
ಅಂಚಿನಲ್ಲೊಂದು ಸುರುಳಿ ಗೀರು:
೪?
ನಮ್ಮ ನಾಲ್ಕೇ?
ಗಂಗೊಳ್ಳಿಯ ಯಾವನೋ ಆಚಾರಿ
ಲೆಕ್ಕ ತಪ್ಪದಿರಲೆಂದು ಉಳಿಯಲ್ಲಿ ಕೊರೆದದ್ದೋ,
ಬರೀ ಗಂಟೋ.
ಚಹಾ ಹಚ್ಚಿ ಉಜ್ಜಿದೆ. ಬೆಳಕಿಗೆ ಹಿಡಿದೆ.
ಹಾಜಿ ಕನ್ನಡಕ ಏರಿಸಿ ನೋಡಿ,
"ಅದು ಮೀನು," ಎಂದ.

ಬಾಂಗು ಕೇಳಿತು.
ಹಲಗೆಯನ್ನು ಗೋಡೆಗೆ ಒರಗಿಸಿ ಎದ್ದೆವು.
ಮಸೀದಿಯ ನಲ್ಲಿಯಲ್ಲಿ ಕೈ ತೊಳೆದೆ,
ಮೂರು ಸಲ, ಆಮೇಲೆ ಇನ್ನೆರಡು ಸಲ.
ಹಳದಿ ಹೋಯಿತು, ಹಸಿರು ಹೋಯಿತು.
ಉಗುರಿನಡಿಯಲ್ಲಿ
ಆ ಧರಮಸಿಯ ನೀಲಿ ಹೋಗಲೊಲ್ಲದು.