ಖಾಕಿ

ಮಡಿಕೇರಿ ಆಸ್ಪತ್ರೆಯ ಲ್ಯಾಬು, ಬೆಳಗಿನ ಎಂಟು.
ತಟ್ಟೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ.
ಕುರಿಯ ನೆತ್ತರು ಬೆರೆಸಿದ ಅಗಾರಿನ ಮೇಲೆ
ಸಾಸಿವೆಗಿಂತ ಸಣ್ಣ ಚುಕ್ಕಿಗಳು,
ಒಂದೊಂದರ ಸುತ್ತಲೂ ಮೇದು ಬಿಟ್ಟ ಬಯಲು.
ಸ್ಟ್ರೆಪ್ಟೊಕಾಕಸ್.
ಚೀಟಿಯಲ್ಲಿ: ಬೊಳಕಿ, ಒಂಬತ್ತು ವರ್ಷ, ಗಂಟಲು ನೋವು,
ಸಿದ್ದಾಪುರದಾಚೆಯ ಎಸ್ಟೇಟು, ಲೈನ್ ಮನೆ.

ನನ್ನಪ್ಪ ಮಾಕುಟ್ಟದ ಗೇಟಿನಲ್ಲಿ ಗಾರ್ಡ್ ಆಗಿದ್ದವರು.
ಲಾರಿಯ ಬೆನ್ನು ತಟ್ಟಿ ಸದ್ದಿನಲ್ಲೇ ಹೇಳುತ್ತಿದ್ದರು
ಹುಲ್ಲಿನಡಿ ಬೀಟೆ ಮಲಗಿದೆಯೋ ಇಲ್ಲವೋ.
ಅಂಥವರೂ ಒಮ್ಮೆ ಮೋಸಹೋದರು.
ಲಾರಿಯಲ್ಲಿದ್ದವನು ನಮ್ಮದೇ ಖಾಕಿ ತೊಟ್ಟಿದ್ದ,
ಎದೆಗೆ ಇಲಾಖೆಯ ಬಿಲ್ಲೆ,
ಬಾಯಿ ತುಂಬ ನಮಸ್ಕಾರ ಸಾರ್.
ಅಡ್ಡಗಂಬವನ್ನು ಅಪ್ಪನೇ ಎತ್ತಿದರು.
"ಅಂಗಿ ನೋಡಿದೆ, ಅಂಗೈ ನೋಡಬೇಕಿತ್ತು."

ಈ ಚುಕ್ಕಿಯೂ ಅಷ್ಟೆ.
ಮೈತುಂಬ ನವಿರು, ಎಂ ಪ್ರೋಟೀನು,
ಎರಡೆಳೆ ಹೊಸೆದ ಹಗ್ಗದಂಥದು.
ನಮ್ಮ ನೆತ್ತರಿನಲ್ಲೇ ತೇಲುವ ಬಿಲ್ಲೆಯೊಂದನ್ನು ಹಿಡಿದು
ಅದಕ್ಕೆ ಸಿಕ್ಕಿಸಿಕೊಳ್ಳುತ್ತದೆ:
ಇದು ಮನೆಯದೇ, ಮುಟ್ಟಬೇಡಿ.
ನುಂಗಲು ಬಂದ ಬಿಳಿಕಣ ಮೂಸಿ ನೋಡಿ
ಹಾದಿ ಹಿಡಿಯುತ್ತದೆ.
ಒಂದರ ಗುರುತು ಸಿಕ್ಕಿತೆನ್ನುವಷ್ಟರಲ್ಲಿ
ಇನ್ನೊಂದು ಬರುತ್ತದೆ, ಬೇರೆ ಬೈತಲೆ ತೆಗೆದು.
ಇನ್ನೂರು ಬಗೆಯಾದರೂ ಇವೆಯಂತೆ.
ಅದು ಓದಿದ್ದು. ನಾನು ಕಂಡದ್ದು ಬರೀ ಚುಕ್ಕಿ.

ಮುಂದಿನ ಕತೆ ಅಪ್ಪ ಹೇಳಿದ್ದಲ್ಲ, ಅವ್ವ ಹೇಳಿದ್ದು.
ಆಮೇಲೆ ಆರು ತಿಂಗಳು ಅವರಿಗೆ ನಿದ್ದೆಯಿಲ್ಲ.
ಒಂದು ರಾತ್ರಿ ಬಿದಿರುಮೆಳೆಯ ಹಿಂದೆ ಖಾಕಿ ಅಲುಗಿತು.
ಯಾರದು ಎಂದರೋ ಇಲ್ಲವೋ,
ಕೋವಿ ಮಾತಾಡಿತು.
ವಾಚರ್ ಬೆಳ್ಯಪ್ಪ. ನಿಜವಾದ ಖಾಕಿ.
ಉಚ್ಚೆಗೆಂದು ಎದ್ದು ಹೋಗಿದ್ದವನು.
ಅವನ ತೊಡೆಯಲ್ಲಿ ಇವತ್ತಿಗೂ ಎರಡು ಚರೆ ಇವೆ.
ಹುತ್ತರಿಗೆ ಬಂದರೆ ಅವನ ತಟ್ಟೆಗೆ
ಅಪ್ಪನೇ ಹಂದಿಕರಿ ಬಡಿಸುತ್ತಾರೆ,
ಮುಖ ಮಾತ್ರ ನೋಡುವುದಿಲ್ಲ.

ಬೊಳಕಿ ಮೂರು ವಾರದ ಮೇಲೆ ಮತ್ತೆ ಬಂದಳು,
ತಾಯಿಯ ಬೆನ್ನ ಮೇಲೆ, ಮಂಡಿ ಊದಿ.
ಹತ್ತು ದಿನದ ಮಾತ್ರೆ ಮೂರೇ ದಿನ ನುಂಗಿದ್ದಳು.
ಜ್ವರ ಬಿಟ್ಟಿತಲ್ಲ,
ಕಾಫಿ ಕುಯ್ಲು ಬೇರೆ.
ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು:
ಲಬ್ ಡಬ್‌ಗಳ ನಡುವೆ ಎಲ್ಲೋ
ಕದ ಸರಿಯಾಗಿ ಮುಚ್ಚದ ಸದ್ದು.

ಗಂಟಲಿನ ಕಳ್ಳ ಎಂದೋ ದಾಟಿಹೋಗಿದ್ದಾನೆ.
ಕೋವಿ ಇನ್ನೂ ಇಳಿದಿಲ್ಲ.
ಆ ನವಿರಿನ ಹೊಸೆತಕ್ಕೂ
ಹೃದಯದ ಎಳೆಯ ಹೊಸೆತಕ್ಕೂ
ಕತ್ತಲಲ್ಲಿ ಏನು ವ್ಯತ್ಯಾಸ?

ಇಪ್ಪತ್ತೊಂದು ದಿನಕ್ಕೊಮ್ಮೆ ಪೆನ್ಸಿಲಿನ್ ಸೂಜಿ,
ಅವಳಿಗೆ ಇಪ್ಪತ್ತೊಂದು ತುಂಬುವ ತನಕ.
ಲ್ಯಾಬಿನ ಕ್ಯಾಲೆಂಡರಿನಲ್ಲಿ ನಾನೂ ಸುತ್ತು ಹಾಕಿಡುತ್ತೇನೆ,
ಅದು ನನ್ನ ಕೆಲಸವಲ್ಲದಿದ್ದರೂ.

ಇವತ್ತು ರಕ್ತ ತೆಗೆಯಲು ಹೋದರೆ
ನನ್ನ ಬಿಳಿ ಕೋಟು ಕಂಡು ಗೋಡೆಗೆ ಒತ್ತಿಕೊಂಡಳು.
ಸರಿ, ಎಂದೆ. ಸೂಜಿ ಟ್ರೇಗೆ ಇಟ್ಟು
ಎರಡೂ ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದೆ.
ತಿರುಗಿಸಿ ತಿರುಗಿಸಿ ನೋಡಿದಳು,
ಗೇಟಿನಲ್ಲಿ ನಿಂತವಳ ಹಾಗೆ.